ಲೇಸರ್ ಚಿಕಿತ್ಸೆಯ ನಂತರ ಮುಖದ ಕೆಂಪು ಇಳಿಯುವವರೆಗಿನ ಆರೈಕೆ

ಮೊಡವೆ ಬಿಟ್ಟುಹೋದ ಗುಳಿ, ಹಳೆಯ ಗಾಯದ ಕಲೆ, ಬಿಸಿಲಿಗೆ ಮೂಡಿದ ಸುಕ್ಕು ಇವುಗಳಿಗಾಗಿ ಮುಖಕ್ಕೆ ಲೇಸರ್ ಮಾಡಿಸಿಕೊಂಡವರು ಮರುದಿನ ಕೇಳುವ ಮೊದಲ ಪ್ರಶ್ನೆ, ಈ ಕೆಂಪು ಯಾವಾಗ ಹೋಗುತ್ತದೆ ಎಂಬುದು. ಉತ್ತರವು ಯಾವ ಯಂತ್ರದಿಂದ, ಎಷ್ಟು ಆಳಕ್ಕೆ ಚಿಕಿತ್ಸೆಯಾಯಿತು ಎಂಬುದನ್ನು ಅವಲಂಬಿಸಿದೆ. ಮುಂದಿನ ಕೆಲವು ವಾರಗಳಲ್ಲಿ ನೀವು ಮುಖಕ್ಕೆ ಏನೇನನ್ನು ಮಾಡದೆ ಬಿಡುತ್ತೀರಿ ಎಂಬುದನ್ನೂ ಅಷ್ಟೇ ಅವಲಂಬಿಸಿದೆ. ಕೆಂಪು ಬಹುಮಟ್ಟಿಗೆ ತಾನಾಗಿಯೇ ಇಳಿಯುವಂಥದು. ಅದನ್ನು ಬೇಗ ಓಡಿಸಬೇಕೆಂಬ ಅವಸರದಲ್ಲಿ ಹಚ್ಚಿದ ಲೇಪ, ಉಜ್ಜಿದ ಸ್ಕ್ರಬ್, ಯಾರನ್ನೂ ಕೇಳದೆ ಔಷಧದಂಗಡಿಯಿಂದ ತಂದ ಕ್ರೀಮು ಇವೆಲ್ಲ ಸೇರಿ ಕೆಂಪಿದ್ದ ಜಾಗದಲ್ಲಿ ತಿಂಗಳುಗಟ್ಟಲೆ ಹೋಗದ ಕಪ್ಪನ್ನು ತಂದು ಕೂರಿಸುತ್ತವೆ. ಕಂದು ಮೈಬಣ್ಣದ ನಮ್ಮಂಥವರಿಗೆ ಕೆಂಪಿಗಿಂತ ದೊಡ್ಡ ತೊಂದರೆ ಆ ಕಪ್ಪೇ ಆದ್ದರಿಂದ, ಮುಂದೆ ಹೇಳಿರುವ ಪ್ರತಿಯೊಂದು ಕ್ರಮವನ್ನೂ ಅದನ್ನು ತಡೆಯುವ ದೃಷ್ಟಿಯಿಂದಲೇ ಓದಬೇಕು. ನಿಮಗೆ ಚಿಕಿತ್ಸೆ ಕೊಟ್ಟ ಚರ್ಮತಜ್ಞರು ಬೇರೆ ಸೂಚನೆ ಕೊಟ್ಟಿದ್ದರೆ ಅದೇ ಮೇಲು. ನಿಮ್ಮ ಚರ್ಮದ ಮೇಲೆ ಎಷ್ಟು ಶಕ್ತಿ ಬಿದ್ದಿದೆ ಎಂಬುದು ಅವರಿಗೆ ಮಾತ್ರ ಗೊತ್ತು.

ಕೆಂಪು ಏಕೆ, ಎಷ್ಟು ಕಾಲ

ಈ ಚಿಕಿತ್ಸೆಗೆ ಹೆಚ್ಚಾಗಿ ಬಳಸುವ ಯಂತ್ರಗಳಲ್ಲಿ ಒಂದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಸಿ. ಕುಮಾರ್ ಪಟೇಲ್ ಅವರು 1964ರಲ್ಲಿ ಇದನ್ನು ರೂಪಿಸಿದರು. ಇದರ 10,600 ನ್ಯಾನೋಮೀಟರ್ ಕಿರಣವನ್ನು ನೀರು ಹೀರಿಕೊಳ್ಳುತ್ತದೆ. ಚರ್ಮದಲ್ಲಿ ನೀರೇ ಹೆಚ್ಚಾಗಿರುವುದರಿಂದ ಕಿರಣ ಬಿದ್ದ ಪದರ ಆವಿಯಾಗಿ ಹೋಗುತ್ತದೆ, ಅದರ ಸುತ್ತಲಿನ ಭಾಗ ಕಾಯುತ್ತದೆ. ಒಳಚರ್ಮ ಹೊಸ ಕೊಲಾಜೆನ್ (ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನ್ ನಾರು) ಕಟ್ಟಲು ಕಾರಣವಾಗುವುದು ಆ ಕಾವು, ಹೆಚ್ಚು ದಿನ ಕೆಂಪು ಉಳಿಯಲು ಕಾರಣವಾಗುವುದೂ ಅದೇ ಕಾವು. ಎರ್ಬಿಯಂ ಯಾಗ್ ಲೇಸರ್‌ನ 2,940 ನ್ಯಾನೋಮೀಟರ್ ಕಿರಣವನ್ನು ನೀರು ಇನ್ನೂ ಹಲವು ಪಟ್ಟು ಹೆಚ್ಚಾಗಿ ಹೀರಿಕೊಳ್ಳುವುದರಿಂದ ಕಾವು ಆಳಕ್ಕೆ ಹರಡುವುದು ಕಡಿಮೆ, ಕೆಂಪು ಇಳಿಯುವುದೂ ಬೇಗ. 2004ರಲ್ಲಿ ಪರಿಚಯವಾದ ಫ್ರ್ಯಾಕ್ಷನಲ್ ವಿಧಾನದಲ್ಲಿ ಇಡೀ ಮುಖವನ್ನು ಸುಲಿಯದೆ, ಸೂಜಿಮೊನೆಗಿಂತ ಸಣ್ಣ ಬಿಂದುಗಳಲ್ಲಿ ಮಾತ್ರ ಗಾಯ ಮಾಡಿ ನಡುನಡುವಿನ ಚರ್ಮವನ್ನು ಹಾಗೆಯೇ ಬಿಡುತ್ತಾರೆ. ಉಳಿದ ಆ ಚರ್ಮದಿಂದ ಕೋಶಗಳು ಬಂದು ಗಾಯವನ್ನು ಬೇಗ ಮುಚ್ಚುತ್ತವೆ. ಇಂದು ನಮ್ಮ ಊರುಗಳ ಕ್ಲಿನಿಕ್‌ಗಳಲ್ಲಿ ಮೊಡವೆ ಗುಳಿಗಳಿಗೆ ಮಾಡುವುದು ಬಹುತೇಕ ಈ ಬಗೆಯದೇ.

ಗಾಯವಾದ ಚರ್ಮಕ್ಕೆ ದುರಸ್ತಿಗೆ ಬೇಕಾದ ಆಮ್ಲಜನಕ, ಪೋಷಕಾಂಶ ಮತ್ತು ರಕ್ಷಕ ಕೋಶಗಳನ್ನು ತಲುಪಿಸಲು ರಕ್ತನಾಳಗಳು ಹಿಗ್ಗುತ್ತವೆ, ಹೊಸ ಸಣ್ಣ ನಾಳಗಳೂ ಹುಟ್ಟುತ್ತವೆ. ಅವುಗಳ ಮೇಲೆ ಬಂದಿರುವ ಹೊರಚರ್ಮ ಇನ್ನೂ ತೆಳುವಾದ್ದರಿಂದ ಒಳಗಿನ ರಕ್ತದ ಬಣ್ಣ ಹೊರಗೆ ಕಾಣುತ್ತದೆ. ಬೆಳ್ಳಗಿರುವವರಲ್ಲಿ ಇದು ಗುಲಾಬಿಯಾಗಿಯೂ ಎಣ್ಣೆಗೆಂಪಿನವರಲ್ಲಿ ತಾಮ್ರದ ಬಣ್ಣವಾಗಿಯೂ ಇನ್ನೂ ಗಾಢ ಬಣ್ಣದವರಲ್ಲಿ ನೇರಳೆ ಮಿಶ್ರಿತ ಕಂದಾಗಿಯೂ ತೋರುವುದುಂಟು. ವಿದೇಶದ ಲೇಖನಗಳಲ್ಲಿನ ಚಿತ್ರಗಳಿಗೆ ನಮ್ಮ ಮುಖವನ್ನು ಹೋಲಿಸಿಕೊಂಡು ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ.

ಕಾಲದ ಅಂದಾಜು ಹೀಗಿದೆ. ಮೇಲ್ಪದರವನ್ನು ತೆಗೆಯದೆ ಒಳಗನ್ನಷ್ಟೇ ಕಾಯಿಸುವ ಹಗುರ ಫ್ರ್ಯಾಕ್ಷನಲ್ ಲೇಸರ್ ಆದರೆ ಎರಡು ದಿನದಿಂದ ಒಂದು ವಾರ. ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಆದರೆ ಚರ್ಮ ಮುಚ್ಚಿಕೊಳ್ಳಲು 3ರಿಂದ 6 ದಿನ, ಕೆಂಪು ಇಳಿಯಲು ಒಂದರಿಂದ ನಾಲ್ಕು ವಾರ. ಇಡೀ ಪದರವನ್ನು ತೆಗೆಯುವ ಹಳೆಯ ಬಗೆಯ ಚಿಕಿತ್ಸೆಯಾದರೆ ಚರ್ಮ ಮುಚ್ಚಲು ಒಂದು ವಾರದಿಂದ ಹತ್ತು ದಿನ ಬೇಕಾಗುತ್ತದೆ, ಕೆಂಪು ಮೂರು ನಾಲ್ಕು ತಿಂಗಳು ಉಳಿದರೂ ಅಸಹಜವಲ್ಲ. ನಿಮ್ಮದು ಇವುಗಳಲ್ಲಿ ಯಾವುದು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. "ಲೇಸರ್ ಮಾಡಿಸಿದೆ" ಎಂಬಷ್ಟೇ ಮಾಹಿತಿಯಿಂದ ಬೇರೆ ವೈದ್ಯರಿಗೂ ಏನೂ ತಿಳಿಯುವುದಿಲ್ಲ.

ಚರ್ಮ ಮುಚ್ಚಿಕೊಳ್ಳುವವರೆಗೆ

ಮೊದಲ ಕೆಲವು ಗಂಟೆಗಳಲ್ಲಿ ಮುಖ ಬಿಸಿಲಿಗೆ ಸುಟ್ಟಂತೆ ಉರಿಯುತ್ತದೆ. ಶುದ್ಧವಾದ ತೆಳು ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುವುದರಿಂದ ಉರಿ ಶಮನವಾಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಎರಡನೆಯ ಅಥವಾ ಮೂರನೆಯ ದಿನ ಊತ ಹೆಚ್ಚಾಗಿ, ವಿಶೇಷವಾಗಿ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಕಾಣಿಸಿಕೊಳ್ಳುತ್ತದೆ. ರಾತ್ರಿ ಎರಡು ದಿಂಬಿನ ಮೇಲೆ ತಲೆಯಿಟ್ಟು ಅಂಗಾತ ಮಲಗಿದರೆ ಅದು ಕಡಿಮೆಯಿರುತ್ತದೆ, ಮುಖ ದಿಂಬಿಗೆ ಉಜ್ಜುವುದೂ ತಪ್ಪುತ್ತದೆ. ದಿಂಬಿನ ಚೀಲವನ್ನು ದಿನವೂ ಬದಲಿಸಿ.

ಮುಖ ತೊಳೆಯುವುದನ್ನು ಹೆದರಿ ನಿಲ್ಲಿಸುವವರು ಹಲವರು. ಒಸರಿದ ದ್ರವ ಒಣಗಿ ಗಟ್ಟಿ ಹಕ್ಕಳೆಯಾದರೆ ಅದರಡಿ ಹೊಸ ಚರ್ಮ ಹರಡುವುದು ನಿಧಾನವಾಗುತ್ತದೆ, ಸೋಂಕಿಗೂ ಅದು ನೆಲೆಯಾಗುತ್ತದೆ. ಆದ್ದರಿಂದ ಕೈಯನ್ನು ಸೋಪಿನಿಂದ ತೊಳೆದುಕೊಂಡು, ಕಾಯಿಸಿ ಆರಿಸಿದ ನೀರಿನಿಂದ ದಿನಕ್ಕೆ ಎರಡರಿಂದ ನಾಲ್ಕು ಸಲ ಮುಖವನ್ನು ನೆನೆಸಿ ಒದ್ದೆ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಬೇಕು. ಕೆಲವು ವೈದ್ಯರು ಎರಡು ಲೋಟ, ಅಂದರೆ ಸುಮಾರು ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಬಿಳಿ ವಿನೆಗರ್ ಬೆರೆಸಿ ಆ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಇಡಲು ಹೇಳುತ್ತಾರೆ. ಅವರು ಹೇಳಿದ್ದರೆ ಮಾತ್ರ ಮಾಡಿ, ಹೇಳಿದ ಅಳತೆಗಿಂತ ಒಂದು ಹನಿಯೂ ಹೆಚ್ಚು ಬೇಡ. ಬೋರ್‌ವೆಲ್ ನೀರು ಗಡುಸಾಗಿರುವ ಬಡಾವಣೆಗಳಲ್ಲಿ ಈ ಒಂದು ವಾರ ಕುಡಿಯುವ ನೀರನ್ನೇ ಮುಖಕ್ಕೂ ಬಳಸುವುದು ಒಳ್ಳೆಯದು.

ತೊಳೆದ ತಕ್ಷಣ, ಚರ್ಮ ಇನ್ನೂ ತುಸು ಒದ್ದೆಯಾಗಿರುವಾಗಲೇ, ಸುವಾಸನೆಯಿಲ್ಲದ ಸಾದಾ ಪೆಟ್ರೋಲಿಯಂ ಜೆಲ್ಲಿಯನ್ನೋ ವೈದ್ಯರು ಕೊಟ್ಟ ಮುಲಾಮನ್ನೋ ತೆಳುವಾಗಿ ಸವರಬೇಕು. ಒಣಗದ ಗಾಯ ಒಣಗಿದ ಗಾಯಕ್ಕಿಂತ ಬೇಗ ಮಾಯುತ್ತದೆ ಎಂಬುದು ಚರ್ಮವೈದ್ಯದಲ್ಲಿ ಒಪ್ಪಿತವಾದ ಮಾತು. "ಗಾಳಿಗೆ ಬಿಡು, ಒಣಗಲಿ" ಎಂಬ ಹಿರಿಯರ ಸಲಹೆಯನ್ನು ಇಲ್ಲಿ ಗೌರವದಿಂದಲೇ ಬದಿಗಿಡಬೇಕಾಗುತ್ತದೆ. ನಿಯೋಮೈಸಿನ್ ಇರುವ ಆಂಟಿಬಯಾಟಿಕ್ ಮುಲಾಮುಗಳನ್ನು ಸ್ವಂತ ತೀರ್ಮಾನದಿಂದ ಹಚ್ಚಬೇಡಿ. ಅವುಗಳಿಗೆ ಅಲರ್ಜಿ ಆಗುವವರ ಸಂಖ್ಯೆ ಕಡಿಮೆಯಲ್ಲ, ಆ ಅಲರ್ಜಿಯ ಕೆಂಪಿಗೂ ಲೇಸರ್‌ನ ಕೆಂಪಿಗೂ ವ್ಯತ್ಯಾಸ ಹೇಳುವುದು ಕಷ್ಟ.

ಫ್ರ್ಯಾಕ್ಷನಲ್ ಚಿಕಿತ್ಸೆಯಾದವರ ಮುಖ ಮೂರನೆಯ ದಿನದ ಹೊತ್ತಿಗೆ ಕಂದು ಚುಕ್ಕಿಗಳಿಂದ ತುಂಬಿ, ಮುಟ್ಟಿದರೆ ಉಪ್ಪುಕಾಗದದಂತೆ ಒರಟಾಗಿರುತ್ತದೆ. ಇವು ಲೇಸರ್ ಬಿಂದುಗಳಿಂದ ಮೇಲೆ ಬಂದ ಸತ್ತ ಕೋಶಗಳು. ವಾರದೊಳಗೆ ತಾವಾಗಿ ಉದುರುತ್ತವೆ. ಉಗುರಿನಿಂದ ಕೆರೆದರೆ ಆ ಜಾಗ ಮತ್ತೆ ತೆರೆದುಕೊಂಡು, ಕೆಂಪಿನ ಗಡಿಯಾರ ಅಲ್ಲಿ ಮೊದಲಿನಿಂದ ಶುರುವಾಗುತ್ತದೆ. ಈ ಹಂತದಲ್ಲಿ ನವೆ ಹೆಚ್ಚು, ನಿದ್ದೆಯಲ್ಲಿ ತಿಳಿಯದೆ ಕೆರೆದುಕೊಳ್ಳುವುದೂ ಹೆಚ್ಚು. ರಾತ್ರಿಗೆ ನವೆ ತಗ್ಗಿಸುವ ಮಾತ್ರೆಯನ್ನು ವೈದ್ಯರಿಂದ ಕೇಳಿ ಪಡೆಯಲು ಸಂಕೋಚ ಬೇಡ. ತುಟಿಯಂಚಿನಲ್ಲಿ ಹಿಂದೆ ಎಂದಾದರೂ ಹರ್ಪಿಸ್ ನೀರುಗುಳ್ಳೆ ಎದ್ದಿದ್ದರೆ ಚಿಕಿತ್ಸೆಗೆ ಮೊದಲೇ ಅದನ್ನು ತಿಳಿಸಿರಬೇಕು. ಎಸೈಕ್ಲೋವಿರ್ ಜಾತಿಯ ಮಾತ್ರೆಯನ್ನು ಮುಂಚಿತವಾಗಿಯೇ ಶುರುಮಾಡುವುದು ವಾಡಿಕೆ, ಚರ್ಮ ಮುಚ್ಚುವ ತನಕ ಅದನ್ನು ನಡುವೆ ನಿಲ್ಲಿಸಬಾರದು.

ತಲೆಸ್ನಾನ ಮಾಡುವಾಗ ತಲೆಯನ್ನು ಹಿಂದಕ್ಕೆ ಬಾಗಿಸಿ, ಶಾಂಪೂ ಅಥವಾ ಸೀಗೆಕಾಯಿಯ ನೀರು ಮುಖದ ಮೇಲೆ ಇಳಿಯದಂತೆ ನೋಡಿಕೊಳ್ಳಿ. ಗಂಡಸರು ಹಕ್ಕಳೆ ಪೂರ್ತಿ ಉದುರುವವರೆಗೆ ಗಡ್ಡ ಬೋಳಿಸಬಾರದು. ಕುಂಕುಮ, ವಿಭೂತಿ, ಅಂಟಿಸುವ ಬಿಂದಿ ಯಾವುದೂ ಹಸಿ ಚರ್ಮಕ್ಕೆ ತಾಗಬಾರದು.

ಅಡುಗೆಮನೆಯ ಔಷಧ, ಅಂಗಡಿಯ ಕ್ರೀಮು

ಮುಖ ಕೆಂಪಾದೊಡನೆ ಮನೆಯವರೂ ನೆರೆಯವರೂ ಸೂಚಿಸುವ ವಸ್ತುಗಳ ಪಟ್ಟಿ ಉದ್ದವಿದೆ: ಅರಿಶಿನ, ಮೊಸರು, ಕಡಲೆಹಿಟ್ಟು, ನಿಂಬೆರಸ, ಜೇನು, ಗಂಧ, ಅಂಗಳದ ಲೋಳೆಸರ. ಗಟ್ಟಿ ಚರ್ಮದ ಮೇಲೆ ಇವುಗಳಲ್ಲಿ ಹಲವು ನಿರುಪದ್ರವಿಗಳೇ. ಲೇಸರ್ ಆದ ಚರ್ಮಕ್ಕೆ ತಡೆಗೋಡೆಯೇ ಇಲ್ಲವಾದ್ದರಿಂದ ಹಚ್ಚಿದ್ದೆಲ್ಲ ನೇರವಾಗಿ ಒಳಕ್ಕಿಳಿಯುತ್ತದೆ. ಅರಿಶಿನದಿಂದ ಅಲರ್ಜಿಯ ಚರ್ಮದುರಿ ಆಗಬಲ್ಲದು. ನಿಂಬೆರಸ ಆಮ್ಲ, ಮೇಲಾಗಿ ಅದು ತಾಗಿದ ಚರ್ಮದ ಮೇಲೆ ಬಿಸಿಲು ಬಿದ್ದರೆ ಆರೋಗ್ಯವಾದ ಚರ್ಮವೂ ಸುಟ್ಟು ಕಪ್ಪಾಗುತ್ತದೆ. ಮೊಸರಿನಲ್ಲಿಯೂ ಗಿಡದಿಂದ ಆಗತಾನೆ ಕಿತ್ತ ಲೋಳೆಸರದಲ್ಲಿಯೂ ಸೂಕ್ಷ್ಮಜೀವಿಗಳಿರುತ್ತವೆ. ಮದುವೆಯ ಅರಿಶಿನ ಶಾಸ್ತ್ರಕ್ಕೆ ಒಂದೆರಡು ವಾರವಿರುವಾಗ ಲೇಸರ್ ಮಾಡಿಸಿಕೊಳ್ಳುವುದು ಈ ಕಾರಣಕ್ಕೇ ಅವಿವೇಕ. ಮದುಮಗಳ ಮುಖಕ್ಕೆ ಅರಿಶಿನ, ಹೂವು, ಹೋಮದ ಹೊಗೆ, ಗಂಟೆಗಟ್ಟಲೆ ಮೇಕಪ್ಪು, ಕ್ಯಾಮೆರಾದವರ ದೀಪ ಎಲ್ಲವೂ ಒಟ್ಟಿಗೆ ಬೀಳುತ್ತವೆ. ಎರಡು ಮೂರು ತಿಂಗಳ ಅಂತರವಾದರೂ ಇರಲಿ.

ಇವೆಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾಗಿರುವುದು ಔಷಧದಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಸ್ಟಿರಾಯ್ಡ್ ಕ್ರೀಮುಗಳ ಬಗ್ಗೆ. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಎಂಬ ಹೆಸರು ಟ್ಯೂಬಿನ ಮೇಲಿದ್ದರೆ ಅದು ಸ್ಟಿರಾಯ್ಡ್. ಹಚ್ಚಿದ ಎರಡೇ ದಿನದಲ್ಲಿ ರಕ್ತನಾಳ ಸಂಕುಚಿತವಾಗಿ ಕೆಂಪು ಇಳಿಯುವುದು ನಿಜ, ಮೋಸವಿರುವುದೂ ಅಲ್ಲಿಯೇ. ಬಿಟ್ಟೊಡನೆ ಕೆಂಪು ಇಮ್ಮಡಿಯಾಗಿ ಮರಳುತ್ತದೆ. ಬಿಡದೆ ಹಚ್ಚಿದರೆ ಚರ್ಮ ತೆಳುವಾಗಿ ಶಾಶ್ವತವಾಗಿ ಹಿಗ್ಗಿದ ನಾಳಗಳು, ಮೊಡವೆ, ಮುಖದ ಮೇಲೆ ಕೂದಲು ಕಾಣಿಸಿಕೊಳ್ಳುತ್ತವೆ. ಬಂಗು, ಅಂದರೆ ಕೆನ್ನೆಯ ಕಂದು ಮಚ್ಚೆಗೆಂದು ಮಾರುವ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟಿರಾಯ್ಡ್ ಮೂರೂ ಬೆರೆತ ಕ್ರೀಮುಗಳೂ ಇದೇ ಗುಂಪಿಗೆ ಸೇರಿದವು. ಇಂಥ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು; ಅಂಗಡಿಗಳಲ್ಲಿ ನಡೆಯುತ್ತಿರುವುದು ನಮಗೆಲ್ಲ ತಿಳಿದದ್ದೇ. ಊತ ಹೆಚ್ಚಾದಾಗ ವೈದ್ಯರೇ ಕೆಲವು ದಿನಗಳ ಮಟ್ಟಿಗೆ ಸೌಮ್ಯ ಸ್ಟಿರಾಯ್ಡ್ ಕೊಡುವುದುಂಟು. ಆ ಚೀಟಿಯನ್ನು ಎರಡನೆಯ ಸಲ ಸ್ವಂತ ಬುದ್ಧಿಯಿಂದ ಬಳಸಬಾರದು.

ಚರ್ಮ ಮುಚ್ಚಿದ ಮೇಲೆ

ಒಸರುವುದು ನಿಂತು, ಹಕ್ಕಳೆ ಉದುರಿ, ಮುಖ ನಯವಾಗಿ ಆದರೆ ಕೆಂಪಾಗಿ ಕಾಣುವ ಹಂತದಲ್ಲಿ ಮುಲಾಮನ್ನು ಬಿಟ್ಟು ಹಗುರವಾದ ತೇವಾಂಶ ಕ್ರೀಮಿಗೆ ಬದಲಾಗಬೇಕು. ಸೆರಮೈಡ್, ಗ್ಲಿಸರಿನ್, ಹೈಯಲುರಾನಿಕ್ ಆಮ್ಲ ಇರುವ, ಪರಿಮಳವಿಲ್ಲದ ಕ್ರೀಮು ಸಾಕು. ಬೆಲೆಗೂ ಫಲಕ್ಕೂ ಇಲ್ಲಿ ಹೆಚ್ಚು ಸಂಬಂಧವಿಲ್ಲ. ಮಂಗಳೂರು, ಕಾರವಾರದಂಥ ಬೆವರಿನ ಊರುಗಳಲ್ಲಿ ದಪ್ಪ ಮುಲಾಮನ್ನು ವಾರದಾಚೆಗೂ ಮುಂದುವರಿಸಿದರೆ ಬೆವರುಸಾಲೆಯೂ ಸಾಸಿವೆ ಗಾತ್ರದ ಬಿಳಿ ಗುಳ್ಳೆಗಳೂ ಏಳುತ್ತವೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣಹವೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಹೊಸ ಚರ್ಮದಿಂದ ನೀರು ಬೇಗ ಆರಿ ಬಿಗಿತ, ಉರಿ ಹೆಚ್ಚುವುದರಿಂದ ಅದೇ ಕ್ರೀಮನ್ನು ದಿನಕ್ಕೆ ನಾಲ್ಕೈದು ಸಲ ಹಚ್ಚಬೇಕಾಗಬಹುದು.

ಬಿಸಿಲಿನಿಂದ ಕಾಪಾಡಿಕೊಳ್ಳುವುದೇ ಈ ಹಂತದ ಮುಖ್ಯ ಕೆಲಸ. ಚರ್ಮ ಹಸಿಯಾಗಿದ್ದಾಗ ಸನ್‌ಸ್ಕ್ರೀನ್ ಹಚ್ಚಬಾರದಾದ್ದರಿಂದ ಆ ದಿನಗಳಲ್ಲಿ ಮನೆಯೊಳಗಿರುವುದು, ಹೊರಟರೆ ಕೊಡೆ ಮತ್ತು ಅಗಲ ಅಂಚಿನ ಟೋಪಿ, ಇವಷ್ಟೇ ದಾರಿ. ಚರ್ಮ ಮುಚ್ಚಿದ ಮೇಲೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲಿನ ಸನ್‌ಸ್ಕ್ರೀನ್ ಆರಿಸಿ. ಕಂದು ಚರ್ಮವನ್ನು ಅತಿನೇರಳೆ ಕಿರಣ ಮಾತ್ರವಲ್ಲದೆ ಕಣ್ಣಿಗೆ ಕಾಣುವ ಬೆಳಕೂ ಕಪ್ಪಾಗಿಸಬಲ್ಲದು. ಅದನ್ನು ತಡೆಯುವುದು ಐರನ್ ಆಕ್ಸೈಡ್ ಬೆರೆತ ಬಣ್ಣದ ಸನ್‌ಸ್ಕ್ರೀನ್. ಅದು ಕೆಂಪನ್ನೂ ಮರೆಮಾಡುವುದರಿಂದ ಕೆಲಸಕ್ಕೆ ಹೋಗುವವರಿಗೆ ಎರಡು ರೀತಿಯ ಅನುಕೂಲ. ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಹಿಂಡಿದಷ್ಟು ಪ್ರಮಾಣ ಮುಖ ಮತ್ತು ಕುತ್ತಿಗೆಗೆ ಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮೋಡ ಕವಿದ ದಿನ ರಿಯಾಯಿತಿ ಇಲ್ಲ. ಬಸ್ಸಿನ ಕಿಟಕಿಯ ಗಾಜು ಸುಡುವ ಕಿರಣವನ್ನು ತಡೆದರೂ ಕಪ್ಪಾಗಿಸುವ ಅತಿನೇರಳೆ ಎ (ಯುವಿಎ) ಕಿರಣವನ್ನು ಬಹಳಷ್ಟು ಒಳಗೆ ಬಿಡುತ್ತದೆ. ಬಿಸಿಲು ಬೀಳುವ ಬದಿಯ ಸೀಟನ್ನು ಈ ತಿಂಗಳು ಬೇರೆಯವರಿಗೆ ಬಿಟ್ಟುಕೊಡಿ.

ಬಿಸಿಲಿನಷ್ಟೇ ಕಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಲೆಯ ಮುಂದೆ ಗಂಟೆಗಟ್ಟಲೆ ದೋಸೆ ಹುಯ್ಯುವುದು, ಬಿಸಿನೀರಿನ ಅಭ್ಯಂಜನ, ಮುಖಕ್ಕೆ ಹಬೆ, ಜಿಮ್ಮು, ಮದ್ಯ, ಬಾಯಿ ಉರಿಯುವಷ್ಟು ಖಾರ ಇವೆಲ್ಲ ಹೊಸ ನಾಳಗಳನ್ನು ಹಿಗ್ಗಿಸಿ ಇಳಿದಿದ್ದ ಕೆಂಪನ್ನು ಮತ್ತೆ ಮೇಲೇಳಿಸುತ್ತವೆ. ಒಂದರ್ಧ ಗಂಟೆಯಲ್ಲಿ ಅದು ತಣಿದರೆ ಚಿಂತೆಯಿಲ್ಲ, ಗಾಯ ಹಿಂದಕ್ಕೆ ಹೋಯಿತೆಂದು ತಿಳಿಯಬೇಕಿಲ್ಲ. ಊಟದ ಪಥ್ಯ ಅತಿಯಾಗಬಾರದು. ಬೇಳೆ, ಮೊಟ್ಟೆ, ಬದನೆಕಾಯಿ ಎಲ್ಲವನ್ನೂ "ನಂಜು" ಎಂದು ಬಿಡಿಸುವ ರೂಢಿ ನಮ್ಮಲ್ಲಿದೆ, ಆದರೆ ಗಾಯ ಮಾಯಲು ಪ್ರೋಟೀನ್ ಬೇಕೇ ಬೇಕು.

ರೆಟಿನಾಲ್, ಗ್ಲೈಕೋಲಿಕ್ ಮತ್ತು ಸ್ಯಾಲಿಸಿಲಿಕ್ ಆಮ್ಲ, ಬೆಂಜಾಯ್ಲ್ ಪೆರಾಕ್ಸೈಡ್, ಸ್ಕ್ರಬ್ ಇವು ವೈದ್ಯರು ಹೇಳುವವರೆಗೆ ಕಪಾಟಿನಲ್ಲೇ ಇರಲಿ. ಬ್ಯೂಟಿ ಪಾರ್ಲರಿನ ಬ್ಲೀಚ್, ಫೇಶಿಯಲ್, ಥ್ರೆಡಿಂಗ್, ವ್ಯಾಕ್ಸಿಂಗ್ ಕನಿಷ್ಠ ಒಂದು ತಿಂಗಳು ಬೇಡ. ಕೆಂಪು ಮುಚ್ಚಲು ಮೇಕಪ್ ಬೇಕೇ ಬೇಕೆಂದಾದರೆ ಚರ್ಮ ಪೂರ್ತಿ ಮುಚ್ಚಿದ ಮೇಲೆ, ಹಸಿರು ಛಾಯೆಯ ಕನ್ಸೀಲರ್ ಅನ್ನು ಸನ್‌ಸ್ಕ್ರೀನಿನ ಮೇಲೆ ತೆಳುವಾಗಿ ಒತ್ತಬಹುದು. ಬ್ರಷ್ ಮತ್ತು ಸ್ಪಂಜು ಹೊಸದಾಗಿರಲಿ.

ಕೆಂಪೋ, ಕಪ್ಪೋ, ಸೋಂಕೋ

ಮೂರನೆಯ ನಾಲ್ಕನೆಯ ವಾರದಲ್ಲಿ ಉಳಿದಿರುವ ಬಣ್ಣ ಕೆಂಪೋ, ಆಗಲೇ ಶುರುವಾದ ಕಪ್ಪೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ತೊಳೆದ ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಆ ಜಾಗಕ್ಕೆ ಮೆಲ್ಲಗೆ ಒತ್ತಿ ಕನ್ನಡಿಯಲ್ಲಿ ನೋಡಿ. ಒತ್ತಿದಾಗ ಬಣ್ಣ ಮಾಸಿ, ಬಿಟ್ಟಾಗ ಮರಳಿದರೆ ಅದು ರಕ್ತನಾಳದ ಕೆಂಪು. ಒತ್ತಿದರೂ ಬದಲಾಗದೆ ಕಂದಾಗಿಯೇ ಉಳಿದರೆ ಅದು ವರ್ಣದ್ರವ್ಯ, ಅಂದರೆ ಉರಿಯೂತದ ನಂತರದ ಕಪ್ಪು. ಅದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು. ದಿನಕ್ಕೆ ಹತ್ತು ಸಲ ಕನ್ನಡಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ವಾರಕ್ಕೊಮ್ಮೆ ಅದೇ ಕಿಟಕಿಯ ಬಳಿ, ಅದೇ ಹೊತ್ತಿನಲ್ಲಿ, ಫೋನಿನ ಬ್ಯೂಟಿ ಫಿಲ್ಟರ್ ತೆಗೆದುಹಾಕಿ ಫೋಟೊ ತೆಗೆದಿಟ್ಟರೆ ಇಳಿಕೆ ಕಣ್ಣಿಗೆ ಕಾಣುತ್ತದೆ, ವೈದ್ಯರಿಗೂ ತೋರಿಸಬಹುದು.

ಆರೈಕೆ ಸರಿಯಾಗಿದ್ದರೆ ನೋವು ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗಬೇಕು. ಇಳಿದ ನೋವು ಮತ್ತೆ ಏರಿದರೆ, ಒಂದೇ ಜಾಗ ಹೆಚ್ಚು ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ಹಳದಿ ಹಕ್ಕಳೆ ಕಂಡರೆ, ಜ್ವರ ಬಂದರೆ ಅದು ಸೋಂಕಿನ ಲಕ್ಷಣ. ಜುಮ್ಮೆನ್ನುವ ಉರಿಯೊಂದಿಗೆ ಸಣ್ಣ ನೀರುಗುಳ್ಳೆಗಳೋ ಹಸಿ ಹುಣ್ಣುಗಳೋ ಗುಂಪಾಗಿ ಎದ್ದರೆ ಹರ್ಪಿಸ್ ಎಂದು ಅನುಮಾನಿಸಬೇಕು. ಇವೆರಡರಲ್ಲೂ ನಾಳೆ ನೋಡೋಣ ಎನ್ನುವ ಮಾತಿಲ್ಲ, ಅದೇ ದಿನ ವೈದ್ಯರಲ್ಲಿಗೆ ಹೋಗಬೇಕು; ತಡವಾದರೆ ಕಲೆ ಉಳಿಯುತ್ತದೆ. ಕಣ್ಣು ನೋಯುವುದು, ದೃಷ್ಟಿ ಮಂಜಾಗುವುದು ಕಂಡರೆ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಇಷ್ಟು ಜೋರಾಗಿ ಕಾಣದೆ ಕಾಡುವ ಇನ್ನೊಂದು ಲಕ್ಷಣವೂ ಇದೆ. ಬಾಯಿಯ ಸುತ್ತ, ದವಡೆಯ ಅಂಚಿನಲ್ಲಿ ಅಥವಾ ಕುತ್ತಿಗೆಯಲ್ಲಿ ಒಂದು ಪಟ್ಟಿಯಷ್ಟು ಚರ್ಮ ಮಾತ್ರ ವಾರಗಳ ನಂತರವೂ ಗಾಢ ಕೆಂಪಾಗಿ, ನವೆಯೊಂದಿಗೆ, ಮುಟ್ಟಿದರೆ ಗಡುಸಾಗಿದ್ದರೆ ಅಲ್ಲಿ ಉಬ್ಬುಕಲೆ ಏಳಲು ತೊಡಗಿರಬಹುದು. ಆ ಹಂತದಲ್ಲೇ ಸಿಲಿಕೋನ್ ಜೆಲ್, ಸ್ಟಿರಾಯ್ಡ್ ಚುಚ್ಚುಮದ್ದು ಅಥವಾ ನಾಳಗಳಿಗೆ ಗುರಿಯಿಡುವ ಲೇಸರ್‌ನಿಂದ ಅದನ್ನು ತಡೆಯಬಹುದು.

ಸೋಂಕಿಲ್ಲ, ಉಬ್ಬಿಲ್ಲ, ಆದರೂ ನಿಮ್ಮ ಬಗೆಯ ಚಿಕಿತ್ಸೆಗೆ ಹೇಳಿದ ಅವಧಿ ದಾಟಿ ಕೆಂಪು ನಿಂತಿದೆ ಎಂದಾದರೆ ಮೊದಲು ಹಚ್ಚುತ್ತಿರುವ ವಸ್ತುಗಳ ಪಟ್ಟಿ ಮಾಡಿ, ಸಾದಾ ಕ್ರೀಮು ಮತ್ತು ಸನ್‌ಸ್ಕ್ರೀನ್ ಬಿಟ್ಟು ಉಳಿದದ್ದನ್ನೆಲ್ಲ ನಿಲ್ಲಿಸಿ. ಎಷ್ಟೋ ಸಲ ಅಪರಾಧಿ ಅಲ್ಲೇ ಸಿಗುತ್ತದೆ. ಹಾಗೂ ಇಳಿಯದಿದ್ದರೆ 595 ನ್ಯಾನೋಮೀಟರ್ ಪಲ್ಸ್ಡ್ ಡೈ ಲೇಸರ್‌ನಿಂದ ಹಿಗ್ಗಿದ ನಾಳಗಳನ್ನು ಮುಚ್ಚುವ ಚಿಕಿತ್ಸೆಯಿದೆ. ಲೇಸರ್‌ನಿಂದಾದ ಕೆಂಪಿಗೆ ಮತ್ತೊಂದು ಲೇಸರ್ ಎಂದರೆ ಯಾರಿಗಾದರೂ ಹಿಂಜರಿಕೆ ಸಹಜ, ಆದರೆ ಇದು ನೀರನ್ನು ಬಿಟ್ಟು ರಕ್ತದ ಹಿಮೋಗ್ಲೋಬಿನ್ನಿಗೆ ಗುರಿಯಿಡುವ ಬೇರೆಯೇ ಕಿರಣ. ಗಾಢ ಮೈಬಣ್ಣದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲಾನಿನ್ ಕೂಡ ಈ ಕಿರಣವನ್ನು ಹೀರಿಕೊಳ್ಳುವುದರಿಂದ, ಕಂದು ಚರ್ಮಕ್ಕೆ ಇದನ್ನು ಮಾಡಿ ಅನುಭವವಿರುವವರ ಕೈಯಲ್ಲೇ ಮಾಡಿಸಬೇಕು.

ಮೊಡವೆ ಗುಳಿಗಳಿಗೆ ಒಂದೇ ಸಲ ಸಾಲುವುದಿಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಮತ್ತೆ ಕರೆಯುತ್ತಾರೆ. ಮುಂಗಡ ಹಣ ಕಟ್ಟಿ ಪ್ಯಾಕೇಜ್ ತೆಗೆದುಕೊಂಡವರು ದಿನಾಂಕ ಬಂತೆಂದು ಕೆಂಪಿನ ಮುಖದಲ್ಲೇ ಹೋಗಿ ಕೂರುವುದುಂಟು. ಹಾಗೆ ಮಾಡಬಾರದು. ಹಿಂದಿನ ಸಲದ ಕೆಂಪು ಪೂರ್ತಿ ಇಳಿದು, ಗಾಜಿನ ಪರೀಕ್ಷೆಯಲ್ಲಿ ಕಪ್ಪೂ ಇಲ್ಲವೆಂದು ಕಂಡ ಮೇಲೆಯೇ ಮುಂದಿನದು. ಹೋದಾಗ ಕೆಂಪು ಎಷ್ಟು ವಾರ ಇತ್ತು, ಎಲ್ಲಿ ಹೆಚ್ಚಿತ್ತು, ಯಾವ ಕ್ರೀಮಿಗೆ ಉರಿಯಿತು ಎಂಬುದನ್ನು ಫೋಟೊಗಳೊಡನೆ ತಿಳಿಸಿ. ಅದನ್ನು ನೋಡಿ ವೈದ್ಯರು ಕಿರಣದ ಶಕ್ತಿಯನ್ನು ತಗ್ಗಿಸಬಹುದು, ಬಿಂದುಗಳ ನಡುವಿನ ಅಂತರವನ್ನು ಹೆಚ್ಚಿಸಬಹುದು, ಅಥವಾ ಕಿವಿಯ ಮುಂದಿನ ಸ್ವಲ್ಪ ಜಾಗದಲ್ಲಿ ಮೊದಲು ಪರೀಕ್ಷಿಸಿ, ಕೆಲವು ವಾರ ಕಾದು, ಆಮೇಲೆ ಇಡೀ ಮುಖಕ್ಕೆ ಮಾಡಬಹುದು.